ಉಡದ ಸೀರೆಗಳು

ದೊಡ್ಡಣ್ಣ ಹೊಸ ಸೀರೆಯ ಮಡಿಕೆ ಬಿಚ್ಚಿ ತಂಗಿಯ ಮೇಲೆ ಹೊದಿಸಲು ಬಗ್ಗಿದ್ದ. ಎದೆನೋವೆಂದು ಮಲಗಿದ ಸಪ್ಪಲಮ್ಮ ಬೆಳಗ್ಗೆ ಎದ್ದಿರಲಿಲ್ಲ. ತವರಿನ ಸೀರೆ ಬೀಳದೆ ಅವರಲ್ಲಿ ಹೆಣ್ಣಿನ ಹೆಣ ಎತ್ತುವುದಿಲ್ಲ.

"ತಡಿಯಣ್ಣಾ," ಎಂದಳು ಪಕ್ಕದ ಮನೆಯ ಪಳನಿಯಮ್ಮ. "ಪೆಟ್ಟಿಗೇಲಿ ಇನ್ನೂ ಐದೈತೆ. ಪೊಂಗಲ್‌ಗೆ ನೀ ಕಳಿಸ್ದವು. ಒಂದ್ನೂ ಉಡ್ಲಿಲ್ಲ ಇವ್ಳು."

ಐದನ್ನೂ ತಂದಿಟ್ಟಳು. ಅಂಗಡಿಯ ಮಡಿಕೆ ಹಾಗೇ ಇತ್ತು. ದೊಡ್ಡಣ್ಣನಿಗೆ ತಲೆ ಎತ್ತಲಾಗಲಿಲ್ಲ. ಯಾಕೆ ಉಡಲಿಲ್ಲವೆಂದು ಅವನಿಗೆ ಗೊತ್ತಿತ್ತು.

*

ಐದು ವರ್ಷದ ಹಿಂದೆ, ಮೂವತ್ತೆರಡನೇ ಇಸವಿ. ಗಂಡನಿಲ್ಲದ ಸಪ್ಪಲಮ್ಮನ ಒಂದೇ ಮಗುವಿಗೆ ಜ್ವರ. ಓಮಲೂರು ಆಸ್ಪತ್ರೆಗೆ ಹೊರಟವಳನ್ನು ತಡೆದು ಸೂಜಿ ಡಾಕ್ಟರು ಕುಪ್ಪುಸ್ವಾಮಿಯನ್ನು ಕರೆತಂದವನು ದೊಡ್ಡಣ್ಣ. ಕುಪ್ಪುಸ್ವಾಮಿ ಯಾವುದೋ ಔಷಧದಂಗಡಿಯಲ್ಲಿ ಬಾಟಲಿ ತೊಳೆದಿದ್ದ, ಅವನ ಓದು ಅಷ್ಟೇ. ಆದರೂ ಅವನ ಸೂಜಿಗೆ ಹೆದರದ ಜ್ವರವಿಲ್ಲವೆಂದು ಕಡಯಂಪಟ್ಟಿ ಊರೇ ನಂಬಿತ್ತು. ಕೊಸರಾಡಿದ ಮಗುವಿನ ತೋಳನ್ನು ಸೋದರಮಾವನೇ ಒತ್ತಿ ಹಿಡಿದ. ತೋಳು ಬಾತು, ಕೀವಾಗಿ, ಎಂಟನೇ ದಿನ ಮಗು ಹೋಯಿತು.

ಸಪ್ಪಲಮ್ಮ ಅರ್ಜಿ ಬರೆಸಿದಳು. ವಿಚಾರಣೆಗೆ ಬಂದ ಇನ್ಸ್‌ಪೆಕ್ಟರು ದೊಡ್ಡಣ್ಣನನ್ನು ಕೇಳಿದ್ದು ಒಂದೇ ಮಾತು: ಸೂಜಿ ಹಾಕಿದ್ದನ್ನು ಕಂಡೆಯಾ?

ತಾನು ಕೈ ಹಿಡಿದದ್ದೂ ಹೊರಬೀಳುತ್ತದೆಂದು ಅವನಿಗೆ ಹೆದರಿಕೆ. "ಇಲ್ಲ ಸಾಮಿ, ಇಬೂತಿ ಕೊಟ್ಟ, ಅಷ್ಟೇಯ," ಅಂದುಬಿಟ್ಟ. ತಂಗಿ ಅವನನ್ನೇ ನೋಡುತ್ತಿದ್ದಳು.

*

"ಸಂತೆ ದಿನ ಆ ಸೂಜಿ ಡಾಕ್ಟ್ರ ಬಾಗ್ಲಲ್ಲೇ ನಿಂತ್ಕಂಡು, ಒಳಕ್ಕೆ ಓಗ್‌ಬ್ಯಾಡಿ ಅಂತಿದ್ಲು," ಎಂದು ಪಳನಿಯಮ್ಮ ಕಣ್ಣೊರಸಿಕೊಂಡಳು. "ಕೇಳಿದೋರ್ನ ಓಮಲೂರಿಗೆ ನಡೆಸ್ಕೊಂಡೇ ಓಗ್ತಿದ್ಲು. ಮಿಕ್ಕೋರು, 'ನಿಮ್ಮಣ್ಣನೇ ಇಲ್ಲ ಅಂದವ್ನಲ್ಲಾ' ಅಂತ ನಗೋರು."

ಅಷ್ಟರಲ್ಲಿ ಕುಪ್ಪುಸ್ವಾಮಿಯೇ ಮಾಲೆ ಹಿಡಿದು ಬಂದ. ಜನ ದಾರಿ ಬಿಟ್ಟರು. ಸೊಂಟದಲ್ಲಿ ಮಗು ಇಟ್ಟುಕೊಂಡಿದ್ದ ಹೆಂಗಸೊಬ್ಬಳು ಎದ್ದು, "ಡಾಕ್ಟ್ರೇ, ಮಗೀಗೆ ಮೈ ಸುಡ್ತೈತೆ. ಸಂಜೀಗೆ ಬರ್ಲಾ?" ಎಂದಳು.

ದೊಡ್ಡಣ್ಣ ಸೀರೆ ಹಿಡಿದುಕೊಂಡೇ ಎದ್ದು ನಿಂತ.

"ಓಗ್‌ಬ್ಯಾಡಮ್ಮ," ಅಂದ. "ಅವತ್ತು ಇವ್ನು ಸೂಜಿ ಆಕಿದ್ದ. ನಮ್ಮ ಮಗೀನ ಕೈ ಇಡ್ಕೊಂಡಿದ್ದೋನು ನಾನೇ. ಇನ್ಸ್‌ಪೆಟ್ರ ತಾವ ಸುಳ್ಳೇಳ್ದೆ."

ಐದು ವರ್ಷ ತಡವಾದ ಮಾತು. ಕೇಳಬೇಕಾದವಳಿಗೆ ಇನ್ನು ಕೇಳದು. ಹೆಂಗಸು ಮಾತ್ರ ಮಗುವನ್ನು ಕುಪ್ಪುಸ್ವಾಮಿಯ ಕಡೆಯಿಂದ ಸೊಂಟದ ಇನ್ನೊಂದು ಬದಿಗೆ ಬದಲಾಯಿಸಿಕೊಂಡಳು.

ದೊಡ್ಡಣ್ಣ ಸೀರೆ ಹೊದಿಸಿದ. ಹೊಸ ಬಟ್ಟೆ, ಗಂಜಿ ಬಿರುಸಾಗಿತ್ತು. ಎಷ್ಟು ಸವರಿದರೂ ಅಂಗಡಿಯ ಮಡಿಕೆ ತಂಗಿಯ ಎದೆಯ ಮೇಲೆ ಎದ್ದು ನಿಂತೇ ಇತ್ತು.