ಮೂರು ಏಟು, ಒಂದು ಜಾರು

ಲಾರ್ಬಿ ಬೀದಿ ಕೊಳಾಯಿಯ ಬಾಯಿಗೆ ಬಟ್ಟೆ ತುರುಕುತ್ತಿದ್ದ. ಕಲ್ಲುತೊಟ್ಟಿಗೆ ನೀರು ಬೀಳುವ ಸದ್ದು ಬೆಳಗಿನಿಂದ ಅವನ ತಲೆ ತಿನ್ನುತ್ತಿತ್ತು. ಬಟ್ಟೆ ತೊಯ್ದು, ನೀರು ಅದರಗುಂಟ ಸದ್ದಿಲ್ಲದೆ ಇಳಿಯತೊಡಗಿದಾಗ ಅವನು ಕೈ ಒರೆಸಿಕೊಂಡ.

"ಸಿ ಲಾರ್ಬಿ, ನೀರಿಗೂ ಬಾಯಿ ಕಟ್ಟಿದೆಯಾ?" ಎಂದ ಬೂಶ್ತಾ. ಬೀದಿಯ ಹಿಟ್ಟೆಲ್ಲ ರೊಟ್ಟಿಯಾಗುವುದು ಇವನ ಒಲೆಯಲ್ಲಿ. ಉದ್ದ ಹಿಡಿಯ ಕಬ್ಬಿಣದ ಸಲಿಕೆಯನ್ನು ಅವನು ಆಗಲೇ ಮೂಲೆಗೆ ಒರಗಿಸಿದ್ದ.

"ಸಾವಿನ ಮನೆ ಇರೋ ಬೀದಿ ಬೂಶ್ತಾ. ಸುಮ್ಮನಿರಬೇಕು."

"ನಾನೇ ಸುಮ್ಮನಿದ್ದೀನಲ್ಲಪ್ಪ. ನಿನ್ನ ತಂಗಿಗೆ ಇದಕ್ಕಿಂತ ಮರ್ಯಾದೆ ಇನ್ನೇನು ಬೇಕು?" ಎಂದವನ ಕಣ್ಣು ತುಂಬಿತು. "ಪಾಪದ ಹುಡುಗಿ. ಕಿವೀಲಿ ಅದೇನೋ ಸಿಕ್ಕಿಸಿಕೊಂಡು ನನ್ನ ಒಲೆ ಮುಂದೆ ನಿಲ್ಲೋಳು. ಹಾಡು ಕೇಳ್ತಿದ್ಳೋ ಏನೋ."

ಲಾರ್ಬಿ ಮುಂದೆ ನಡೆದ. ತಾಮ್ರದ ಕೆಲಸದವರಿಗೆ ಹೇಳುವ ಅಗತ್ಯವೇ ಇರಲಿಲ್ಲ. ಫೆಸ್ ನಗರದ ಹಳೇ ಪೇಟೆಯ ಈ ಓಣಿಯಲ್ಲಿ ಹೆಣವಿರುವ ಹೊತ್ತು ಯಾರೂ ಸುತ್ತಿಗೆ ಎತ್ತುವುದಿಲ್ಲ. ತಿರುವಿನಲ್ಲಿದ್ದ ತನ್ನ ತಾಮ್ರದಂಗಡಿಯ ಬಾಗಿಲನ್ನೂ ಅವನು ಎಳೆದು ಹಾಕಿದ. ಎಡಕ್ಕೆ ತಿರುಗಿ, ಎಲ್ಲರ ಹಣೆಗೂ ಒಮ್ಮೆಯಾದರೂ ಬಡಿದಿರುವ ತಗ್ಗು ತೊಲೆಯ ಕೆಳಗೆ ಬಗ್ಗಿ, ಮನೆ ಸೇರಿದ. ಇಡೀ ಬೀದಿಯನ್ನು ತಂಗಿಗಾಗಿ ಸುಮ್ಮನಾಗಿಸಿದ್ದೇನೆ ಎಂಬ ಒಂದು ಸಮಾಧಾನ ಅವನಿಗಿತ್ತು. ಬದುಕಿದ್ದಾಗ ಅವಳಿಗೆ ಅವನು ಕೊಟ್ಟದ್ದು ಹೆಚ್ಚೇನಿರಲಿಲ್ಲ.

\*

ಬತೂಲ್ ಹಗಲು ಬಸ್ ಕಂಪನಿಯೊಂದರಲ್ಲಿ ಫೋನೆತ್ತಿ ಟಿಕೆಟ್ ಬರೆಯುತ್ತಿದ್ದಳು. ಸಂಜೆ ಮಹಡಿಯ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಆಟವೊಂದನ್ನು ಕಟ್ಟುತ್ತಿದ್ದೇನೆ ಎನ್ನುತ್ತಿದ್ದಳು. ಲಾರ್ಬಿ ಇಣುಕಿದಾಗಲೆಲ್ಲ ಪರದೆ ಕಪ್ಪಗಿರುತ್ತಿತ್ತು.

"ಕೆಟ್ಟಿದೆ ಕಣೇ ಇದು. ರಿಪೇರಿಗೆ ಕೊಡು."

"ಕೆಟ್ಟಿಲ್ಲ ಅಣ್ಣ. ಇದು ಹೀಗೇ."

"ಚಿತ್ರವೇ ಇಲ್ಲದ ಆಟ! ಹೊಳೇಲಿ ಹುಣಸೆಹಣ್ಣು ಕಿವುಚ್ತಾ ಇದೀಯ."

ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. ಒಂದು ದಿನ ಅವಳೇ ಅಂಗಡಿಗೆ ಬಂದು, ದೊಡ್ಡ ಹಂಡೆಯನ್ನು ಬಡಿ, ಫೋನಿನಲ್ಲಿ ಸದ್ದು ಹಿಡಿದುಕೊಳ್ಳಬೇಕು ಎಂದಳು. ಲಾರ್ಬಿಗೆ ನಾಚಿಕೆಯಾಯಿತು. ಎಳೆಯ ವಯಸ್ಸಿನಲ್ಲಿ ಕುಲುಮೆಯಲ್ಲಿ ಸುಟ್ಟು ಅವನ ಬಲಗೈಯ ಎರಡು ಬೆರಳು ಸೆಟೆದಿದ್ದವು. ಮೂರು ಏಟು ಗಟ್ಟಿಯಾಗಿ ಬಿದ್ದರೆ ನಾಲ್ಕನೆಯದು ಜಾರುತ್ತಿತ್ತು. ಓಣಿಯ ಹುಡುಗರು ಅದನ್ನು ಕುಂಟುಸುತ್ತಿಗೆ ಎಂದು ಆಡಿಕೊಳ್ಳುತ್ತಿದ್ದರು.

"ಪಕ್ಕದವನ ಹತ್ರ ಹೊಡೆಸ್ಕೋ. ಅವನದು ಗಡಿಯಾರದ ಹಾಗೆ ಬೀಳುತ್ತೆ."

"ಬೇಡ. ನಿನ್ನದೇ ಬೇಕು. ಎಲ್ಲರದ್ದೂ ಒಂದೇ ಥರ ಇದ್ರೆ ಜನ ದಾರಿ ತಪ್ತಾರೆ."

ಯಾವ ಜನ, ಯಾವ ದಾರಿ ಎಂದು ಅವನು ಕೇಳಲಿಲ್ಲ. ಹೊಡೆದುಕೊಟ್ಟ. ಅವಳು ಕಣ್ಣು ಮುಚ್ಚಿ ನಿಂತು ಕೇಳಿಸಿಕೊಂಡು, ಅಷ್ಟು ದೊಡ್ಡವಳಾದರೂ ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು.

\*

ಅಂಗಳದಲ್ಲಿ ಜನ ತುಂಬಿದ್ದರು. ಹೆಂಗಸರು ಮೀಯಿಸಿ ಬಿಳಿಬಟ್ಟೆ ಸುತ್ತಿ ಮುಗಿಸಿದ್ದರು. ಹೆಣ ಹೊರುವ ಜನಾಜಾದ ಮಂಚ ನಿಂಬೆಗಿಡದ ಪಕ್ಕ ಸಿದ್ಧವಾಗಿತ್ತು.

"ಮಧ್ಯಾಹ್ನದ ನಮಾಜಿಗೆ ಪೇಟೆ ಬಾಗಿಲ ಹತ್ತಿರದ ಮಸೀದಿ ಮುಟ್ಟಬೇಕು ಲಾರ್ಬಿ," ಎಂದರು ಮಸೀದಿಯ ಗುರು ಫಕೀಹರು. "ಸತ್ತವರನ್ನ ಕಾಯಿಸಬಾರದು."

"ಕಾಯ್ತಾಳೆ," ಎಂದಳು ತಾಯಿ ಲಲ್ಲಾ ಜೊಹ್ರಾ. ಬೆಳಗಿನಿಂದ ಅವಳಾಡಿದ ಮೊದಲ ಮಾತದು. "ಅವಳ ಜನ ರೈಲಿಳಿದಿದಾರೆ. ಮೆಕ್ನೆಸಿನವರು, ಕಾಸಾದವರು. ಅವರು ಬರದೆ ನನ್ನ ಮಗಳು ಈ ಹೊಸಿಲು ದಾಟಲ್ಲ."

"ಅವಳ ಜನ ಅಂದ್ರೆ ಯಾರಮ್ಮ?" ಎಂದ ಲಾರ್ಬಿ.

"ಪ್ರತಿ ಶುಕ್ರವಾರ ಮಾತಾಡ್ತಿದ್ದಳಲ್ಲೋ, ಅವರು."

ಅಷ್ಟರಲ್ಲಿ ತಾಯಿಯ ಮಡಿಲಲ್ಲಿದ್ದ ಬತೂಲಳ ಫೋನು ಹಾಡಿತು. ಅವಳು ಅದನ್ನು ಮಗನ ಕೈಗಿಟ್ಟಳು.

"ಲಲ್ಲಾ ಜೊಹ್ರಾ, ನಾನು ತೂಹಾಮಿ," ಎಂದಿತು ವಯಸ್ಸಾದ ದನಿ. "ಪೇಟೆ ಬಾಗಿಲು ದಾಟಿದೀವಿ. ಆದರೆ ಸಲಿಕೆ ಸದ್ದಿಲ್ಲ. ನೀರೂ ಇಲ್ಲ. ಓಣಿ ಸರಿಯಾಗಿದೆಯೋ ಇಲ್ಲವೋ ಗೊತ್ತಾಗ್ತಿಲ್ಲ."

"ಕಣ್ಣಿಲ್ವೇನ್ರೀ? ಗೋಡೆ ಮೇಲೆ ಹೆಸರು ಬರೆದಿದೆ, ನೋಡ್ಕೊಂಡು ಬನ್ನಿ."

"ಇಲ್ಲಪ್ಪ," ಎಂದಿತು ದನಿ, ಬೇಸರವಿಲ್ಲದೆ. "ನಮ್ಮಲ್ಲಿ ಯಾರಿಗೂ ಇಲ್ಲ. ತಾವು ಯಾರು?"

"ಅವಳಣ್ಣ. ಲಾರ್ಬಿ."

ಆ ಕಡೆ ತೂಹಾಮಿ ಹಿಂದಿನವರಿಗೆ ಕೂಗಿ ಹೇಳಿದ್ದು ಕೇಳಿಸಿತು: "ಏಯ್, ಸುತ್ತಿಗೆಯವರೇ ಮಾತಾಡ್ತಿದಾರೆ ಕಣ್ರೋ!"

\*

ಶುಕ್ರವಾರ ಸುತ್ತಿಗೆಗಳಿಗೆ ರಜೆ. ಅಂದು ಕುಸ್ಕುಸ್ ಉಂಡ ಮೇಲೆ ಬತೂಲ್ ಮಹಡಿಯಲ್ಲಿ ಕೂತು ಮಾತಾಡುತ್ತಿದ್ದಳು. ಯಾರೋ ಗೆಳತಿಯ ಜೊತೆ ಫೋನಿನಲ್ಲಿ ಹರಟೆ ಎಂದುಕೊಂಡು ಕೆಳಗೆ ಲಾರ್ಬಿ ಕಣ್ಣು ಮುಚ್ಚಿ ಮಲಗುತ್ತಿದ್ದ. ಹೋದ ವಾರವೂ ಹಾಗೇ ಮಲಗಿದ್ದ. ಅರೆನಿದ್ದೆಯಲ್ಲಿ ಕಿವಿಗೆ ಬಿದ್ದದ್ದು ಇಷ್ಟು:

"ಈ ವಾರದ ಮೂರು ಹಾಡು. ಮೊದಲನೆಯದು ಬೆಟ್ಟದೂರಿನ ಮದುವೆಮನೆ ಹೆಂಗಸರದು. ತಮಟೆ ಎಡಗಿವಿಯಿಂದ ಬಲಗಿವಿಗೆ ನಡೆಯೋದನ್ನ ಕೇಳಿ. ಎರಡನೆಯದು ಒಬ್ಬ ಮುದುಕ ದರ್ಜಿ ಹಾಡಿದ್ದು, ನಡುವೆ ಕೆಮ್ಮಿದಾನೆ, ಆ ಕೆಮ್ಮೂ ತಾಳದಲ್ಲಿದೆ. ಮೂರನೆಯದನ್ನ ಒಬ್ಬರೇ ಇದ್ದಾಗ ಕೇಳಿ, ಅಳು ಬರುತ್ತೆ, ಆಮೇಲೆ ನನ್ನ ಬೈಬೇಡಿ.

"ಇನ್ನು ನಮ್ಮ ಆಟದ ಕೆಲಸ. ತಗ್ಗು ತೊಲೆ ಆಯ್ತು. ಅದರ ಕೆಳಗೆ ಹೋದಾಗ ನಿಮ್ಮ ಹೆಜ್ಜೆ ಸದ್ದು ಕಿವಿ ಹತ್ತಿರ ಬರುತ್ತೆ. ಬಂದ ಕೂಡಲೇ ಬಗ್ಗಿ. ನಾನಂತೂ ನಿಜವಾಗಿಯೂ ಮೂರು ಸಲ ತಲೆ ಹೊಡೆಸಿಕೊಂಡೆ ನಿಮಗೋಸ್ಕರ. ಇನ್ನು ಉಳಿದಿರೋದು ನಮ್ಮನೆ ಬಾಗಿಲೊಂದೇ.

"ನಿಮ್ಮ ಪ್ರಶ್ನೆಗಳು. ಅಗಾದಿರಿನವರಿಗೆ ಮೀನುಪೇಟೆ ಬೇಕಂತೆ. ಊಜ್ದಾದ ಹುಡುಗಿಗೆ ಬೂಶ್ತಾನ ಬೆಕ್ಕು ಬೇಕಂತೆ. ಉಳಿದವರೆಲ್ಲ ಎಂದಿನಂತೆ ಸುತ್ತಿಗೆ ಹೇಗಿದೆ ಅಂತ ಕೇಳಿದೀರಿ. ಸುತ್ತಿಗೆಗೆ ಈ ವಾರ ನೆಗಡಿ. ಬೆಲ್ಲದ ಹಾಗಿರೋ ಮನುಷ್ಯ, ಮೇಲೆ ಮಾತ್ರ ಮುಳ್ಳು."

ಲಾರ್ಬಿ ಮಗ್ಗುಲು ಬದಲಿಸಿ ಗೊರಕೆ ಹೊಡೆದಿದ್ದ.

\*

"ಯಾರನ್ನಾದ್ರೂ ಕಳಿಸ್ತೀನಿ, ಕೈ ಹಿಡಿದು ಕರೆತರ್ತಾರೆ," ಎಂದ ಲಾರ್ಬಿ ಫೋನಿನಲ್ಲಿ.

"ಬೇಡಿ," ಎಂದರು ತೂಹಾಮಿ. "ಹುಟ್ಟಿದಾಗಿಂದ ಎಲ್ಲರೂ ನಮ್ಮ ಕೈ ಹಿಡಿದು ಎಳೆದವರೇ. ನಿಮ್ಮ ತಂಗಿ ಒಬ್ಬಳೇ 'ನೀವೇ ನಡೀರಿ' ಅಂದದ್ದು. ಈ ಓಣೀಲಿ ನಾವು ವರ್ಷಗಟ್ಟಲೆ ನಡೆದಿದೀವಿ, ಮೆಕ್ನೆಸಲ್ಲಿ ಕೂತು. ಅವಳ ಬಾಗಿಲಿಗೆ ಇವತ್ತೊಂದಿನ ಕೈ ಹಿಡಿಸ್ಕೊಂಡು ಬಂದ್ರೆ ಅವಳಿಗೆ ಏನು ಮುಖ ತೋರಿಸೋದು? ತಡವಾದ್ರೆ ನೀವು ಹೊರಡಿ. ನಾವು ಇಲ್ಲೇ ನಿಂತು ದುವಾ ಮಾಡ್ತೀವಿ."

ಲಾರ್ಬಿ ಫೋನು ಇಟ್ಟ. ಅವರ ದಾರಿಯನ್ನು ಅಳಿಸಿದ್ದು ತಾನೇ ಎಂಬುದು ಅವನಿಗೆ ಆಗ ಹೊಳೆಯಿತು. ಬಟ್ಟೆ ತುರುಕಿದ್ದು ತನ್ನ ಕೈ, ಸಲಿಕೆ ಇಡಿಸಿದ್ದು ತನ್ನ ಬಾಯಿ.

ಅವನು ಹೊರಗೋಡಿದ. "ಬೂಶ್ತಾ! ಸಲಿಕೆ ಆಡಿಸು!"

"ತಲೆ ಕೆಟ್ಟಿತಾ? ಹೆಣ ಒಳಗಿದೆ!"

"ಅವಳಿಗೋಸ್ಕರವೇ ಕಣೋ! ಒಲೆ ಕಲ್ಲಿಗೆ ಉಜ್ಜು. ದಿನಾ ಉಜ್ಜೋ ಹಾಗೇ!"

ಕೊಳಾಯಿಯ ಬಟ್ಟೆ ಕಿತ್ತೆಸೆದ. ತೊಟ್ಟಿಗೆ ನೀರು ಧುಮುಕಿತು. ಅಂಗಡಿ ತೆರೆದು ಹಂಡೆಯನ್ನು ತೊಡೆಗೆ ಆನಿಸಿ ಸುತ್ತಿಗೆ ಎತ್ತಿದವನ ಕೈ ಗಾಳಿಯಲ್ಲೇ ನಿಂತಿತು. ಎದುರಂಗಡಿಯ ಜಗಲಿಯಲ್ಲಿ ತಾಮ್ರದವರೆಲ್ಲ ಸಾಲಾಗಿ ಕೂತು ಅವನನ್ನೇ ನೋಡುತ್ತಿದ್ದರು. ತಂಗಿಯ ಹೆಣ ಮನೆಯಲ್ಲಿಟ್ಟುಕೊಂಡು ಹಂಡೆ ಬಡಿದವನು ಎಂಬ ಹೆಸರು ಈ ಓಣಿಯಲ್ಲಿ ಮೊಮ್ಮಕ್ಕಳ ಕಾಲಕ್ಕೂ ಹೋಗುವುದಿಲ್ಲ.

ಅವನು ಹೊಡೆದ. ಮೂರು ಏಟು, ಒಂದು ಜಾರು. ಮೂರು ಏಟು, ಒಂದು ಜಾರು.

"ಲಾರ್ಬಿ, ಅಲ್ಲಾಹನಿಗೆ ಹೆದರು!" ಎಂದು ಯಾರೋ ಗದರಿದರು.

ಓಣಿಯ ಮೇಲಿನಿಂದ ಟಕಟಕ ಎಂದು ಬಿಳಿಕೋಲುಗಳ ಸದ್ದು ಬಂತು. ಒಲೆಯ ಮುಂದೆ ಅವರು ಗೋಡೆ ಮುಟ್ಟದೆ ಬಲಕ್ಕೆ ಸರಿದರು. ತೊಟ್ಟಿಯ ಹತ್ತಿರ, ಹೊಸಬರೆಲ್ಲ ಎಡವುವ ಒಡೆದ ಮೆಟ್ಟಿಲನ್ನು ಒಬ್ಬೊಬ್ಬರಾಗಿ ಹಾಯಾಗಿ ದಾಟಿದರು. ಗಂಡಸರು, ಹೆಂಗಸರು, ಕೋಟು ಹಾಕಿದವರು, ಉದ್ದನೆ ಜೆಲ್ಲಾಬಾ ನಿಲುವಂಗಿ ತೊಟ್ಟವರು. ಈ ಓಣಿಗೆ ಎಂದೂ ಕಾಲಿಡದವರು ಇಲ್ಲೇ ಹುಟ್ಟಿದವರ ಹಾಗೆ ಇಳಿದು ಬರುತ್ತಿದ್ದರು. ತಾಮ್ರದವರು ಒಬ್ಬೊಬ್ಬರಾಗಿ ಎದ್ದು ನಿಂತರು. ಬೂಶ್ತಾ ಸಲಿಕೆ ಉಜ್ಜುತ್ತಲೇ, "ಸುಭಾನಲ್ಲಾ, ಸುಭಾನಲ್ಲಾ" ಎನ್ನುತ್ತಿದ್ದ. ಮಹಡಿಯ ಆ ಕಪ್ಪು ಪರದೆಯೊಳಗೆ ಅವಳು ಒಂದು ಊರನ್ನೇ ಕಟ್ಟಿದ್ದಳು, ಜನ ಅದರೊಳಗಿಂದ ಎದ್ದು ಬರುತ್ತಿದ್ದರು.

ಮುಂದಿದ್ದ ಮುದುಕರೊಬ್ಬರು ಅಂಗಡಿಯೆದುರು ನಿಂತು ಮುಖ ಎತ್ತಿದರು. "ಇದೇ. ಇಲ್ಲೇ ಎಡಕ್ಕೆ." ಕೈ ಎದೆಗೆ ಒತ್ತಿ, "ನೆಗಡಿ ಹೇಗಿದೆ ಸಿ ಲಾರ್ಬಿ?" ಎಂದರು, ಫೋನಿನಲ್ಲಿ ಕೇಳಿದ ಅದೇ ದನಿಯಲ್ಲಿ.

ಲಾರ್ಬಿಯ ಕಣ್ಣೀರು ಹಂಡೆಯ ಮೇಲೆ ಬೀಳುತ್ತಿತ್ತು. ಅವನು ಹೊಡೆಯುತ್ತಲೇ ಇದ್ದ. ಅವರು ಎಡಕ್ಕೆ ತಿರುಗಿದರು.

ಸ್ವಲ್ಪ ಹೊತ್ತಿಗೆ ಮನೆಯೊಳಗಿಂದ ಕಲಿಮಾ ಹೇಳುವ ದನಿ ಎದ್ದಿತು. ಪಕ್ಕದಂಗಡಿಯವನು ಓಡಿ ಬಂದು, "ಮಂಚ ಎತ್ತಿದ್ರು! ಅವರೇ ಹೆಗಲು ಕೊಟ್ಟಿದಾರೆ. ನೀನು ಅಣ್ಣ, ಮೊದಲ ಹೆಗಲು ನಿಂದು. ಬಾ, ಆ ಸುತ್ತಿಗೆ ನಾನು ಹಿಡೀತೀನಿ," ಎಂದು ಕೈ ಚಾಚಿದ.

ಲಾರ್ಬಿ ಎದ್ದ. ಸುತ್ತಿಗೆ ಕೊಡಹೋದವನು ಅದನ್ನು ಮತ್ತೆ ಎದೆಗೆ ಎಳೆದುಕೊಂಡ.

"ನಿಂದು ಗಡಿಯಾರದ ಹಾಗೆ ಬೀಳುತ್ತಪ್ಪ," ಎಂದ. "ಅವರಿಗೆ ದಾರಿ ತಪ್ಪುತ್ತೆ."

ಕೂತು ಮತ್ತೆ ಹೊಡೆಯತೊಡಗಿದ. ತಗ್ಗು ತೊಲೆಯ ಬಳಿ, ಈ ಓಣಿಯ ಪ್ರತಿ ಜನಾಜಾವೂ ಬಡಿದ ಆ ತೊಲೆಯ ಬಳಿ, ಯಾರೂ ಕೂಗಿ ಎಚ್ಚರಿಸುವ ಮೊದಲೇ ಮುಂದಿನ ಇಬ್ಬರು ಮೊಣಕಾಲು ಬಗ್ಗಿಸಿದರು, ಹಿಂದಿನವರೂ ಬಗ್ಗಿಸಿದರು. ಬತೂಲ್ ತೊಲೆಗೆ ತಾಕದೆ ಅದರ ಕೆಳಗಿನಿಂದ ಹೊರಬಂದು, ಅಣ್ಣನ ಸುತ್ತಿಗೆಯೆದುರು ಬಲಕ್ಕೆ ತಿರುಗಿ, ನೀರಿನ ಸದ್ದಿನ ಕಡೆ ಏರಿಹೋದಳು.