ಕೋಟೆ ಬೆಟ್ಟಕ್ಕೆ ಹೊರಟ ಲಕ್ಷ್ಮಯ್ಯ

ದೊಡ್ಡಬೆಳವಂಗಲದ ಹತ್ತಿರದ ಹಳ್ಳಿಯೊಂದರಲ್ಲಿ ಲಕ್ಷ್ಮಯ್ಯನ ಮನೆ. ಹಿತ್ತಲಲ್ಲಿ ನಿಂತರೆ ಕೋಟೆ ಬೆಟ್ಟ ಪೂರ್ತಿ ಕಾಣುತ್ತದೆ. ಆದರೆ ಆ ಮನೆಯವರು ಯಾರೂ ಬೆಟ್ಟ ಹತ್ತಿದವರಲ್ಲ. ಹೋದ ವರ್ಷ ಬೆಂಗಳೂರಿಂದ ಬೈಕಲ್ಲಿ ಬಂದವನೊಬ್ಬ ಬಂಡೆಯಿಂದ ಜಾರಿ ಕಾಲು ಮುರಿದುಕೊಂಡಿದ್ದ. ಕೆಳಗಿಳಿಸಿದ ಮೇಲೆ ಬೆಟ್ಟದ ಬುಡದಿಂದ ಅವನನ್ನು ಆಂಬುಲೆನ್ಸಿಗೆ ಹೊತ್ತು ತಂದವರಲ್ಲಿ ಲಕ್ಷ್ಮಯ್ಯನೂ ಒಬ್ಬ. ಆ ನರಳಾಟ ಅವನ ಕಿವಿಯಿಂದ ಹೋಗಿರಲಿಲ್ಲ.

ಹಾಗಾಗಿ ಒಂಬತ್ತನೇ ಕ್ಲಾಸಿನ ಮಗಳು ಮೋನಿಷಾ, "ಅಪ್ಪಾ, ಭಾನುವಾರ ನಮ್ ಕ್ಲಾಸ್‌ನೋರೆಲ್ಲ ಬೆಟ್ಟಕ್ಕೆ ಹೋಗ್ತಾವ್ರೆ" ಅಂದಾಗ ಅವನದು ಒಂದೇ ಮಾತು: "ಬ್ಯಾಡ."

ಪಕ್ಕದ ಮನೆಯ ಪ್ರಮೋದಾ ಹಾಲಿಗೆ ಬಂದಿದ್ದಳು. ಬೆಟ್ಟಕ್ಕೆ ಬರುವವರಿಗೆ ದಾರಿ ತೋರಿಸುವುದೇ ಅವಳ ಕೆಲಸ.

"ಯಾಕಣ್ಣ? ಕರ್ಕೊಂಡು ಹೋಗೋಳು ನಾನೇ."

"ಅಲ್ಲೇನಮ್ಮ ಐತೆ, ಕಲ್ಲು ಮುಳ್ಳು ಬಿಟ್ರೆ? ಬಿದ್ರೆ ಯಾರು ಹೊಣೆ?"

"ಆ ಬೈಕಿನೋನು ದಾರಿ ಬಿಟ್ಟು, ನೆಂದ ಬಂಡೆ ಮೇಲೆ ಫೋಟೋ ತೆಗೆಯಕ್ಕೋಗಿ ಬಿದ್ದಿದ್ದು. ನಂಬಿಕೆ ಇಲ್ದಿದ್ರೆ ನೀವೂ ಬನ್ನಿ."

ಮಗಳನ್ನು ಕಾಯಲೆಂದೇ ಲಕ್ಷ್ಮಯ್ಯ ಹೊರಟ. ಮಕ್ಕಳೆಲ್ಲ ಶೂ ಹಾಕಿದ್ದರು, ಇವನದು ಸವೆದ ಹವಾಯಿ ಚಪ್ಪಲಿ. ಅರ್ಧ ದಾರಿಯಲ್ಲಿ, "ಈ ಸುತ್ತು ಯಾಕೆ, ಹಿಂಗೇ ಹತ್ತಿದ್ರೆ ಆಯ್ತು" ಎಂದು ದಾರಿ ತೋರಿಸಲು ಬರೆದಿದ್ದ ಬಾಣದ ಗುರುತು ಬಿಟ್ಟು ಬಂಡೆ ಏರಿದ. ನಾಲ್ಕು ಹೆಜ್ಜೆಗೆ ಚಪ್ಪಲಿ ಜಾರಿ ಕುಸಿದು ಕೂತ.

"ಏಳ್ಬೇಡಿ ಅಣ್ಣ! ಕೂತಂಗೇ ಕೆಳಕ್ಕೆ ಸರೀರಿ!" ಪ್ರಮೋದಾ ಕೂಗಿದಳು.

ಮಂಡಿ ತರಚಿತ್ತು, ಅಷ್ಟೇ. ಮೋನಿಷಾ ಅಪ್ಪನ ಕೈ ಹಿಡಿದವಳು ಮೇಲೆ ತಲುಪುವವರೆಗೂ ಬಿಡಲಿಲ್ಲ.

ಕೋಟೆ ಬಾಗಿಲ ಪಕ್ಕದಲ್ಲೊಂದು ವೀರಗಲ್ಲು. ಕತ್ತಿ ಹಿಡಿದವನೊಬ್ಬ, ಅವನ ಹಿಂದೆ ಹಸುಗಳು.

"ಊರಿನ ದನ ಹೊಡ್ಕೊಂಡು ಹೋಗೋರ್ನ ತಡೆಯಕ್ಕೋಗಿ ಸತ್ತೋನು" ಅಂದಳು ಪ್ರಮೋದಾ.

ಮನೆಯಲ್ಲಿ ಮೂರು ಕರೆಯುವ ಹಸು ಕಟ್ಟಿರುವ ಲಕ್ಷ್ಮಯ್ಯ ಆ ಕಲ್ಲನ್ನು ಬಹಳ ಹೊತ್ತು ನೋಡಿದ. "ಹೆಸ್ರೇನಮ್ಮ ಇವನ್ದು?"

"ಅಕ್ಷರ ಇರೋ ಜಾಗದ ಮೇಲೇ ಯಾರೋ ಪೇಂಟಲ್ಲಿ ಅವ್ರ ಹೆಸ್ರು ಬರ್ದವ್ರೆ ಅಣ್ಣ. ಓದಕ್ಕಾಗಲ್ಲ."

ಲಕ್ಷ್ಮಯ್ಯ ಚಪ್ಪಲಿ ಬಿಟ್ಟು ಕೈ ಮುಗಿದ.

ಮನೆಗೆ ಬಂದವನೇ ಹೆಂಡತಿ ಅನುಸೂಯಮ್ಮನಿಗೆ, "ಬರೋ ಭಾನುವಾರ ನೀನೂ ಬಾ" ಅಂದ.

"ಮದ್ವೆಯಾಗಿ ಬಂದಾಗ್ಲಿಂದ ಆ ಬೆಟ್ಟಾನ ನೋಡ್ತಾನೇ ಇದೀನಿ" ಅಂದಳು ಅವಳು. "ಬೇಗ್ನೆ ಹಾಲು ಕರೆದು ಹೊರಡಾಣ."

ಬಂಧುಗಳೇ, ನಿಮ್ಮೂರ ಹತ್ತಿರವೂ ಒಂದು ಬೆಟ್ಟವೋ ಕೋಟೆಯೋ ಇದ್ದೀತು. ಮನೆಮಂದಿಯೆಲ್ಲ ಒಮ್ಮೆ ಹೋಗಿ ಬನ್ನಿ. ಬಿಸಿಲೇರುವ ಮುಂಚೆ ಹೊರಡಿ, ನೀರು ಒಯ್ಯಿರಿ, ಗುರುತಿನ ದಾರಿ ಬಿಡಬೇಡಿ. ನಿಮ್ಮ ಕಸ ನಿಮ್ಮ ಜೊತೆಗೇ ವಾಪಸ್ ಬರಲಿ. ಕಲ್ಲಿನ ಮೇಲೆ ಮಾತ್ರ ನಿಮ್ಮ ಹೆಸರು ಬರೆಯಬೇಡಿ. ಅಲ್ಲಿ ಆಗಲೇ ಇನ್ನೊಬ್ಬರ ಹೆಸರಿದೆ.