ಕೆಂಪಾಜಮ್ಮ ಬಸ್ಸಿನಲ್ಲಿ ಹೇಳಿದ್ದು

"ತಿರುಗ್ ನೋಡ್ಬ್ಯಾಡ ಕಣವ್ವ, ಸೀದಾ ನಡಿ," ಎನ್ನುತ್ತ ಪಕ್ಕದ ಮನೆಯ ಮಂಗಳಮ್ಮ ಕೋಮಲಳ ತೋಳು ಹಿಡಿದು ಹಿತ್ತಿಲ ಬಾಗಿಲಿನಿಂದ ಆಚೆ ಕರೆದುಕೊಂಡು ಹೋದಳು. ಏಳು ತಿಂಗಳ ಬಸುರಿ ಹೆಣದ ಎದುರು ಇರಬಾರದು. ನಡುಮನೆಯಲ್ಲಿ ಅತ್ತೆ ಕೆಂಪಾಜಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಬೆಳಿಗ್ಗೆ ಕಾಫಿ ಕುಡಿಯುತ್ತಲೇ ಎದೆ ಹಿಡಿದುಕೊಂಡವಳು, ನಂಜನಗೂಡಿನ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದಳು. ಕಾಲು ಮುಟ್ಟಿ ನಮಸ್ಕರಿಸುವುದಕ್ಕೂ ಸೊಸೆಯನ್ನು ಬಿಡಲಿಲ್ಲ.

ಮಂಗಳಮ್ಮನ ಮನೆಯಲ್ಲಿ ಕೂತರೆ ಸತ್ತ ಮನೆಯ ಮುಂದೆ ಹಾಕಿದ್ದ ಶಾಮಿಯಾನದ ಒಂದು ಮೂಲೆಯಷ್ಟೇ ಕಾಣುತ್ತಿತ್ತು. ಮಾತು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು. ಕೆಂಪಾಜಮ್ಮ ತಿ. ನರಸೀಪುರದ ಒಂದು ನರ್ಸಿಂಗ್ ಹೋಮಿನ ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷ ಆಯಾ ಆಗಿದ್ದವಳು. ಬಂದ ಹೆಂಗಸರಲ್ಲಿ ಅರ್ಧ ಜನ ಅವಳ ಕಣ್ಣೆದುರೇ ಹೆತ್ತವರು.

"ನಂಗೆ ತೊಡೆ ಮ್ಯಾಲೆ ಎರಡು ಬಿಟ್ಟಿದ್ಲು," ಎಂದಳು ಒಬ್ಬಳು. "ಕಿರುಚ್ಬ್ಯಾಡ, ಬಾಯ್ ಮುಚ್ಕೊಂಡು ತಿಣುಕು ಅಂತ."

"ಅದುಕ್ಕೇ ಎಲ್ರೂ ನಾರ್ಮಲ್ಲಾಗಿ ಎತ್ರಿ," ಎಂದಳು ಕೆಂಪಾಜಮ್ಮನ ಅಕ್ಕ ಮುತ್ತಮ್ಮ. "ನೋವು ತಿಂದು ಎತ್ರೇನೇ ತಾಯಿ ಅಂತ ಕೊನೇಗಂಟ್ಲೂ ಅಂತಿದ್ಲು ನನ್ ತಂಗಿ."

ಕೊನೆಯವರೆಗೂ ಅಲ್ಲ ಎಂಬುದು ಕೋಮಲಳೊಬ್ಬಳಿಗೇ ಗೊತ್ತಿತ್ತು.

*

ಹೋದ ತಿಂಗಳು ಅತ್ತೆ ಸೊಸೆ ಇಬ್ಬರೇ ಮೈಸೂರಿಗೆ ಸ್ಕ್ಯಾನಿಂಗಿಗೆ ಹೋಗಿದ್ದರು. ಹೆರಿಗೆ ನೋವು ತಿಳಿಯದಂತೆ ಬೆನ್ನಿಗೆ ಕೊಡುವ ಇಂಜೆಕ್ಷನ್ ಬಗ್ಗೆ ಗೊತ್ತೇ ಎಂದು ಡಾಕ್ಟರು ಕೇಳಿದರು. ಕೋಮಲ ತಾಯಿಯಿಲ್ಲದವಳು, ಅಂಥದ್ದೊಂದು ಇದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕೆಂಪಾಜಮ್ಮನೇ ಕೆದಕಿ ಕೆದಕಿ ಕೇಳಿದಳು. ಆಮೇಲೆ ಸೊಂಟ ಬಿದ್ದೋಯ್ತದಾ, ಕೂಸಿಗೆ ಏನಾರಾ ಆಯ್ತದಾ. ಡಾಕ್ಟರು ಬೇಸರವಿಲ್ಲದೆ ಎಲ್ಲಕ್ಕೂ ಉತ್ತರ ಹೇಳಿದರು.

ವಾಪಸು ಬರುವಾಗ ಬಸ್ಸು ಕಪಿಲೆಯ ಸೇತುವೆ ಮೇಲೆ ಬಂದಾಗ, "ಆಕುಸ್ಕೊ ಕಣವ್ವ ಅದುನ್ನ," ಎಂದಳು ಕೆಂಪಾಜಮ್ಮ.

"ನೀವೇ ಬ್ಯಾರೆ ಥರ ಹೇಳ್ತಿದ್ರಲ್ಲತ್ತೆ."

"ಏಳ್ತಿದ್ದೆ. ಕೊಡಾಕೆ ನನ್ ತಾವ ಇನ್ನೇನಿತ್ತು, ಆ ಮಾತು ಬುಟ್ರೆ? ಈಗ್ಲೂ ನನ್ ನಿದ್ದೇಲಿ ಕಿರುಚ್ತಾವೆ ಆ ಎಣ್ಮಕ್ಳು." ಮತ್ತೆ ಅಂದಳು: "ನಿನ್ ಗಂಡಂಗೆ ನಾನೇ ಏಳ್ತೀನಿ. ನೀನ್ ಏಳಿದ್ರೆ ಯಾರೂ ಕೇಳಾಕಿಲ್ಲ. ಆಸ್ಪತ್ರೆಗೂ ನಾನೇ ಬತ್ತೀನಿ."

ಆಮೇಲೆ ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎಂದೇ ದಿನ ತಳ್ಳಿದಳು. ಮೂವತ್ತು ವರ್ಷ ಆಡಿದ ಮಾತನ್ನು ಮಗನೆದುರು ಹಿಂದಕ್ಕೆ ತೆಗೆದುಕೊಳ್ಳಲು ಅವಳಿಗೂ ನಾಲಗೆ ಏಳಲಿಲ್ಲ.

*

ಮೂರು ಗಂಟೆಯ ಹೊತ್ತಿಗೆ ಮಣ್ಣು ಮಾಡಿ ಬಂದರು. ಬಸುರಿಯ ಗಂಡ ಹೆಗಲು ಕೊಡಬಾರದೆಂದು ಪ್ರಸಾದನನ್ನು ಹಿಂದೆ ನಿಲ್ಲಿಸಿ, ಅಣ್ಣ ಶಿವಸ್ವಾಮಿಯೇ ಎಲ್ಲ ಮಾಡಿದ್ದ. ಸ್ನಾನ ಮಾಡಿದ ಒದ್ದೆ ತಲೆಯಲ್ಲೇ ಪ್ರಸಾದ ಹೆಂಡತಿಯನ್ನು ನೋಡಲು ಬಂದ. ಜೊತೆಗೆ ಮುತ್ತಮ್ಮನೂ ಬಂದಳು.

"ಇನ್ನು ಮೈಸೂರಿಗೆ ಅಲೆಯಾದ್ ಬ್ಯಾಡ," ಎಂದಳು ಮುತ್ತಮ್ಮ. "ಇಲ್ಲೇ ಯಾವ ಇಂಜೆಕ್ಷನ್ನೂ ಇಲ್ದೆ ನಾರ್ಮಲ್ಲಾಗ್ಲಿ. ನಾನಿವ್ನಿ."

ಕೋಮಲ ಗಂಡನ ಮುಖವನ್ನೇ ನೋಡಿದಳು. "ಇಂಜೆಕ್ಷನ್ ಹಾಕುಸ್ಕೊ ಅಂತ ಅತ್ತೇನೇ ಅಂದ್ರು. ಬಸ್ಸಲ್ಲಿ ಅಂದ್ರು."

ಮುತ್ತಮ್ಮ ಬೈಯಲಿಲ್ಲ. ಹತ್ತಿರ ಕೂತು ತಲೆ ಸವರಿದಳು. "ಎದ್ರುಕೊಂಡಿದ್ದೀಯ ಕಣವ್ವ, ನಂಗೊತ್ತಾಯ್ತದೆ. ಅಂಗಂತ ಸತ್ತೋಳ್ ಬಾಯಿಗೆ ಇಲ್ದಿದ್ ಮಾತು ಆಕ್ಬ್ಯಾಡ."

"ನಿಜವಾಗ್ಲೂ ಅಂದ್ರು ಕಣ್ರೀ."

"ನಂಗೊಂದ್ ಮಾತೂ ಏಳ್ನಿಲ್ವಲ್ಲ ಅವ್ವ," ಎಂದ ಪ್ರಸಾದ. ಅವನ ಕಣ್ಣುಗಳು ಊದಿಕೊಂಡಿದ್ದವು. "ಇವತ್ತು ಇದೆಲ್ಲ ಬ್ಯಾಡ ಕೋಮಲ. ಅವ್ವ ಏನಂತಿತ್ತು ಅಂತ ಊರ್ಗೇ ಗೊತ್ತು. ಅಂಗೇ ಆಗ್ಲಿ."

ಹೊರಗಿನಿಂದ ಶಿವಸ್ವಾಮಿ ಕೂಗಿದ. ಇಬ್ಬರೂ ಎದ್ದು ಹೋದರು.

ಬೆಳಗಿನಿಂದ ಚಾಪೆಯ ಮೇಲೇ ಕೂತು ಕೋಮಲಳ ಕಾಲು ಜೋಮು ಹಿಡಿದಿತ್ತು. ಮಂಗಳಮ್ಮನನ್ನು ಕರೆದಳು. ಸತ್ತ ಮನೆಯವರಿಗೆಂದು ಮಾಡಿದ ಅನ್ನ ಹೊತ್ತುಕೊಂಡು ಅವಳೂ ಹೋಗಿದ್ದಳು. ಕೋಮಲ ಎರಡೂ ಅಂಗೈ ನೆಲಕ್ಕೆ ಊರಿ ಮಂಡಿಯ ಮೇಲೆ ಬಂದಳು. ಅಲ್ಲಿಂದ ಮೇಲೇಳಲು ಆಗಲಿಲ್ಲ. ಹೊಟ್ಟೆ ಕೆಳಗೆ ಜೋತುಬಿದ್ದಿತ್ತು. ಕೈ ಹಿಡಿದು ಏಳಿಸಲು ಯಾರೂ ಇಲ್ಲದ ಆ ಮನೆಯಲ್ಲಿ ಅವಳು ಹಾಗೇ, ಅಂಬೆಗಾಲಿನ ಮೇಲೆ, ಉಸಿರಾಡುತ್ತ ಇದ್ದಳು.